ಮೂರನೇ ಸಲಕ್ಕೆ ಮುಂಚೆ ಅಂದ ‘ಬತ್ತೀನಿ’

ಠಾಣೆಯಲ್ಲಿ ನೆರೆದಿರುವ ಮಹಾಜನಗಳೇ, ಬೆಂಚಿನ ಮೇಲೆ ಕುಳಿತಿರುವ ತಾಯಂದಿರೇ, ಬಾಗಿಲಿಗೆ ಆತು ನಿಂತಿರುವ ಯುವಕರೇ, ತಮಗೆಲ್ಲ ನನ್ನ ಶಿರಬಾಗಿ ನಮಸ್ಕಾರ. ಹೇಳಿಕೆ ಹೀಗೆ ಶುರುವಾಗುವುದಿಲ್ಲವೆಂದು ಮುಖ್ಯ ಪೇದೆ ಹೇಮಲತಾ ಮೇಡಂ ಎರಡು ಸಲ ತಿಳಿಸಿರುತ್ತಾರೆ. ಆದರೆ ಸಭೆಗೆ ಕೈಮುಗಿಯದೆ ನನ್ನ ಬಾಯಿ ತೆರೆದದ್ದೇ ಇಲ್ಲ. ಇಷ್ಟನ್ನು ಹಾಗೇ ಬಿಡಬೇಕೆಂದು ಬೇಡಿಕೊಂಡು, ಇನ್ನು ಮುಂದೆ ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ.

ನನ್ನ ಹೆಸರು ತಿಮ್ಮಯ್ಯ ಬಿನ್ ಲೇಟ್ ಬೆಟ್ಟಯ್ಯ, ವಯಸ್ಸು 58 ವರ್ಷ, ಕಸುಬು ಪೌರಾಣಿಕ ನಾಟಕ ಕಲಿಸುವುದು ಮತ್ತು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಪ್ರಚಾರ ಮಾಡುವುದು, ವಾಸ ನಂಜನಗೂಡು ಟೌನ್. ಈ ದಿನ ದಿನಾಂಕ 16-11-2025 ಭಾನುವಾರ ಸಂಜೆ 7-15 ಗಂಟೆಗೆ ತಿ. ನರಸೀಪುರದ ಠಾಣೆಗೆ ಹಾಜರಾಗಿ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಛತ್ರದಲ್ಲಿ ತಮಗೆ ಸಿಕ್ಕಿರುವ ಕಾರ್ಡ್‌ಗಳು ಇಸ್ಪೀಟ್ ಎಲೆಗಳಲ್ಲ. ಪಣಕ್ಕೆ ಯಾರೂ ಒಂದು ಕಾಸನ್ನೂ ಇಟ್ಟಿರಲಿಲ್ಲ. ಈ ಆಟದ ಹೆಸರು ‘ಏಳು ಬಾಗಿಲು’. ಆಟಗಾರರು ಅಂಗಡಿಯಲ್ಲಿ ಕಾರ್ಡ್ ಕೊಂಡು, ತಮ್ಮ ತಮ್ಮಲ್ಲೇ ಅದಲುಬದಲು ಮಾಡಿಕೊಂಡು, ಒಬ್ಬೊಬ್ಬರೂ ತಮ್ಮದೇ ಒಂದು ಕಟ್ಟು ಮಾಡಿಕೊಳ್ಳುತ್ತಾರೆ. ಇಬ್ಬರಿಗೂ ಏಳೇಳು ಬಾಗಿಲಿನ ಒಂದೊಂದು ಕೋಟೆ. ಎದುರಿನವರ ಏಳನೇ ಬಾಗಿಲನ್ನು ಯಾರು ಮೊದಲು ತೆಗೆಯುತ್ತಾರೋ ಅವರು ಗೆದ್ದಂತೆ.

ನಂಜನಗೂಡಿನಲ್ಲಿ ನನ್ನ ತಾಲೀಮಿನ ಕೋಣೆ ಮಹಡಿಯ ಮೇಲಿದೆ. ಕೆಳಗೆ ಮಧುಕುಮಾರ್ ರವರ ಮೊಬೈಲ್ ರಿಪೇರಿ ಅಂಗಡಿ, ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿಯ ಹೆಸರು ಮಧುಶ್ರೀ. ಒಬ್ಬರನ್ನು ‘ಮಧು’ ಎಂದು ಕರೆದರೆ ಇಬ್ಬರೂ ತಿರುಗುತ್ತಿದ್ದರು. ಈ ಆಟ ಆಡುತ್ತಲೇ ಮೈಸೂರಿನಲ್ಲಿ ಪರಿಚಯವಾಗಿ ಮದುವೆಯಾದವರು. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಹತ್ತು ಹನ್ನೆರಡು ಜನ ಆಡುತ್ತಿದ್ದರು. ‘ನಾನು ಮೊದ್ಲಿಟ್ಟೆ’, ‘ಇಲ್ಲ ನಾನು’ ಎಂಬ ಜಗಳ ನನ್ನ ಹಾರ್ಮೋನಿಯಂ ಅನ್ನೂ ಮೀರಿ ಮಹಡಿಗೆ ಬರುತ್ತಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಬೈಯಲೆಂದು ಇಳಿದು ಹೋದೆ. ಹಾಗಾದರೆ ಯಾರು ಮೊದಲು ಎಂದು ನೀವೇ ಕೂಗಿ ಹೇಳಿ ಮೇಷ್ಟ್ರೇ, ನಿಮ್ಮ ಗಂಟಲಿಗೆ ಯಾರೂ ಎದುರಾಡಲ್ಲ ಎಂದು ಮಧುಶ್ರೀಯವರು ನಕ್ಕರು. ಅಂದಿನಿಂದ ತೀರ್ಪುಗಾರ ನಾನು.

ನಿಯಮ ಇಷ್ಟು. ಒಬ್ಬರು ಕಾರ್ಡ್ ಇಟ್ಟು ‘ಇಟ್ಟೆ’ ಅನ್ನಬೇಕು. ಇಟ್ಟ ಮಾತ್ರಕ್ಕೆ ಕಾರ್ಡ್ ಕೆಲಸ ಮಾಡುವುದಿಲ್ಲ. ನಾನು ‘ಒಂದು ಸಲ, ಎರಡು ಸಲ, ಮೂರು ಸಲ’ ಎಂದು ಕೂಗುತ್ತೇನೆ. ಮೂರನೆಯದು ನನ್ನ ಬಾಯಿಂದ ಪೂರ್ತಿ ಹೊರಬರುವವರೆಗೆ ಎದುರಿನವರಿಗೆ ಕಾಲಾವಕಾಶ. ಅಷ್ಟರೊಳಗೆ ಅವರು ‘ಆಗಲಿ’ ಅಂದರೆ ಒಪ್ಪಿದಂತೆ, ಆಮೇಲೆ ಏನು ಮಾಡಿದರೂ ಅದನ್ನು ಹಿಂದಕ್ಕೆ ತರಲಾಗುವುದಿಲ್ಲ. ‘ಬತ್ತೀನಿ’ ಅಂದರೆ ನನ್ನ ಕೂಗು ಅಲ್ಲಿಗೇ ನಿಲ್ಲುತ್ತದೆ, ಅವರು ಆ ಕಾರ್ಡಿನ ಮೇಲೆ ತಮ್ಮ ಕಾರ್ಡ್ ಇಡಬಹುದು. ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಮೇಲಿನದನ್ನೇ ಮೊದಲು ತೆಗೆಯುವಂತೆ, ಕೊನೆಗೆ ಇಟ್ಟ ಕಾರ್ಡ್ ಮೊದಲು ಕೆಲಸ ಮಾಡುತ್ತದೆ. ಹೀಗೆ ಕೂಗು ನಡೆಯುತ್ತಿರುವಾಗ ಅಥವಾ ನಿಂತಿರುವಾಗ ತೀರ್ಪುಗಾರನ ಅಪ್ಪಣೆ ಇಲ್ಲದೆ ಜಾಗ ಬಿಟ್ಟು ಎದ್ದವರು ಸೋತಂತೆ.

ಮೊದಮೊದಲು ನಾನು ‘ಮೂರು’ ಎಂಬುದನ್ನು ರಂಗದ ಮೇಲೆ ಪದ್ಯ ಎತ್ತಿದ ಹಾಗೆ ಎಳೆಯುತ್ತಿದ್ದೆ. ಅಷ್ಟರಲ್ಲಿ ಎದುರಿನವರು ಟೀ ಕುಡಿದು ಯೋಚನೆ ಮಾಡಿ ಕಾರ್ಡ್ ಇಡುತ್ತಿದ್ದರು. ಇದು ಮೋಸ, ಮೊಟಕಾಗಿ ಕೂಗಬೇಕು ಎಂದು ಎಲ್ಲರೂ ಹೇಳಿದ್ದರಿಂದ ಕಷ್ಟಪಟ್ಟು ಅದನ್ನು ಕಲಿತೆ.

‘ಬತ್ತೀನಿ’ ಎಂಬ ಮಾತನ್ನು ಆಟಕ್ಕೆ ತಂದವನೂ ನಾನೇ. ಹುಡುಗರು ಆಟದ ನಿಯಮದ ಪುಸ್ತಕದಲ್ಲಿದ್ದಂತೆ ‘ರೆಸ್ಪಾನ್ಸ್’ ಎನ್ನುತ್ತಿದ್ದರು. ಅದು ಬ್ಯಾಂಕಿನ ಮಾತಿನ ಹಾಗೆ ಕೇಳುತ್ತಿತ್ತು. ರಂಗದ ಮೇಲೆ ಒಬ್ಬ ರಾಜ ಆರ್ಭಟಿಸುತ್ತಿರುವಾಗ ಇನ್ನೊಬ್ಬ ಪ್ರವೇಶ ಮಾಡಬೇಕಾದರೆ ಪರದೆಯ ಹಿಂದಿನಿಂದಲೇ ಬರುತ್ತಿದ್ದೇನೆಂದು ಕೂಗಿ ಬರಬೇಕು, ಸಭಿಕರ ಕತ್ತು ತಿರುಗಬೇಕು. ಆದ್ದರಿಂದ ‘ಬತ್ತೀನಿ’ ಎಂದು ಇಟ್ಟೆ. ಆ ದಿನ ಮಧುಶ್ರೀಯವರು, ‘ಮನೆ ಬಿಟ್ಟು ಹೋಗೋರೂ ಬತ್ತೀನಿ ಅಂತಾನೇ ಅಲ್ವಾ ಮೇಷ್ಟ್ರೇ ಅನ್ನೋದು, ತಡೀರಿ ಅಂತ ಇಟ್ರೆ ಸಾಲ್ದಾ’ ಎಂದು ಕೇಳಿದ್ದರು. ‘ತಡೀರಿ’ ಎಂಬುದು ಬಸ್ಸಿನ ಹಿಂದೆ ಓಡುವವರ ಮಾತು, ಯೋಧರದ್ದಲ್ಲ ಎಂದು ನಾನು ತಳ್ಳಿಹಾಕಿದೆ. ನಮ್ಮ ಕಡೆ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ಅಂದರೆ ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾರೆ ಎಂಬುದು ತಮಗೂ ಗೊತ್ತಿರುವ ವಿಷಯ.

ಇದೇ ವರ್ಷ ಏಪ್ರಿಲ್ ತಿಂಗಳಲ್ಲಿ ಮಧುಕುಮಾರ್ ರವರು ಹೆಂಡತಿಯ ಕಟ್ಟಿನಲ್ಲಿದ್ದ ‘ಹಿಂಬಾಗಿಲು’ ಎಂಬ ಕಾರ್ಡನ್ನು ಅವರನ್ನು ಕೇಳದೆ ಮೈಸೂರಿನ ಒಬ್ಬರಿಗೆ ಕೊಟ್ಟು, ಬದಲಿಗೆ ಎರಡು ಕಾರ್ಡ್ ತಂದರು. ಲಾಭದ ವ್ಯವಹಾರವೆಂದು ಖುಷಿಯಾಗಿದ್ದರು. ಅದೇ ಸಮಯಕ್ಕೆ ಮಧುಶ್ರೀಯವರಿಗೆ ತಿ. ನರಸೀಪುರದ ಒಂದು ಖಾಸಗಿ ರಕ್ತಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹೋಗಿ ಇರೋಣವೇ ಎಂದು ಅವರು ಕೇಳಿದಾಗಲೆಲ್ಲ ನೋಡೋಣ ಎಂಬ ಉತ್ತರ ಬರುತ್ತಿತ್ತಂತೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಮಧುಶ್ರೀಯವರು ಬ್ಯಾಗ್ ಹಿಡಿದು ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ‘ಬತ್ತೀನಿ’ ಅಂದರು. ಮಧುಕುಮಾರ್ ರವರು ಯಾರದೋ ಫೋನ್ ಬಿಚ್ಚಿಕೊಂಡು ಕುಳಿತಿದ್ದವರು ತಲೆ ಎತ್ತದೆ ‘ಆಗ್ಲಿ’ ಅಂದರು. ಮಧುಶ್ರೀಯವರು ಕೆಲಸದ ಕಾಗದಪತ್ರಕ್ಕೋ ಅಂಗಡಿಗೋ ಹೋಗುತ್ತಿದ್ದಾರೆಂದು ನಾನೂ ತಿಳಿದೆ. ಅವರು ಆಮೇಲೆ ಬಂದಿಲ್ಲ. ಇಲ್ಲಿಯೇ ತಮ್ಮ ಸೋದರಮಾವ ಮಹಾದೇವಸ್ವಾಮಿಯವರ ಮನೆಯಲ್ಲಿದ್ದಾರೆ.

ಆ ‘ಹಿಂಬಾಗಿಲು’ ಕಾರ್ಡನ್ನು ಮಧುಕುಮಾರ್ ರವರು ತಮ್ಮ ಬಳಿ ಇದ್ದ ಒಳ್ಳೊಳ್ಳೆಯ ಕಾರ್ಡ್‌ಗಳನ್ನೆಲ್ಲ ಕೊಟ್ಟು ಬಿಡಿಸಿಕೊಂಡು, ಕಳೆದ ತಿಂಗಳು ನನ್ನ ಕೈಯಲ್ಲಿ ಕಳುಹಿಸಿದರು. ನಾನು ಲ್ಯಾಬಿಗೇ ಹೋಗಿ ಕೊಟ್ಟೆ. ಮಧುಶ್ರೀಯವರು ಕೈಗವಸು ಹಾಕಿದ್ದರು. ‘ಅಲ್ಲಿಡಿ ಮೇಷ್ಟ್ರೇ’ ಎಂದರು. ಇಟ್ಟು ಬಂದೆ.

ತಾಲ್ಲೂಕಿಗೊಬ್ಬರಂತೆ ಗೆದ್ದವರ ನಡುವೆ ಈ ಭಾನುವಾರ ಕೊನೆಯ ಆಟವೆಂದು ಗೊತ್ತಾಗಿತ್ತು. ನಂಜನಗೂಡಿನಿಂದ ಗಂಡ, ತಿ. ನರಸೀಪುರದಿಂದ ಹೆಂಡತಿ ಗೆದ್ದಿದ್ದರು. ಆಗ ಅವರಿಬ್ಬರೇ ಫೋನಿನಲ್ಲಿ ಮಾತಾಡಿಕೊಂಡು ಒಂದು ಒಪ್ಪಂದಕ್ಕೆ ಬಂದರು. ಸೋತವರು ಗೆದ್ದವರ ಊರಿಗೆ ಬಂದು ಸಂಸಾರ ಮಾಡತಕ್ಕದ್ದು. ಗಂಡ ಗೆದ್ದರೆ ಹೆಂಡತಿ ಕೆಲಸ ಬಿಟ್ಟು ನಂಜನಗೂಡಿಗೆ. ಹೆಂಡತಿ ಗೆದ್ದರೆ ಗಂಡ ಅಂಗಡಿ ಎತ್ತಿಕೊಂಡು ಇಲ್ಲಿಗೆ. ಎರಡೂ ಕಡೆಯ ಹಿರಿಯರು ಇದಕ್ಕೆ ಒಪ್ಪಿ, ತಮ್ಮವರೇ ಗೆಲ್ಲುತ್ತಾರೆಂದು ನಂಬಿಕೊಂಡಿದ್ದರು.

ಆಟಕ್ಕೆ ಛತ್ರ ಕೊಟ್ಟವರು ಮಹಾದೇವಸ್ವಾಮಿಯವರು, ವಯಸ್ಸು ಸುಮಾರು 55. ಛತ್ರದ ಉಸ್ತುವಾರಿ ಮತ್ತು ಬೀಗದ ಕೈ ಅವರದೇ. ಮಧುಕುಮಾರ್ ರವರ ತಾಯಿ ದೇವೀರಮ್ಮನವರು ಸೊಸೆಯನ್ನು ಕರೆದುಕೊಂಡು ಹೋಗಲೆಂದೇ ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡು, ಓಮ್ನಿ ಗಾಡಿ ಮಾಡಿಕೊಂಡು ಬಂದಿದ್ದರು. ಮಧುಕುಮಾರ್ ರವರ ಮತ್ತು ನನ್ನ ಫೋನ್‌ಗಳನ್ನು ಒಂದು ಬುಟ್ಟಿಗೆ ಹಾಕಿ ದೇವೀರಮ್ಮನವರ ಕೈಗೇ ಕೊಟ್ಟೆ. ಮಧುಶ್ರೀಯವರಿಗೆ ಮಾತ್ರ ಲ್ಯಾಬಿನಿಂದ ತುರ್ತು ಕರೆ ಬರಬಹುದಾದ್ದರಿಂದ ಫೋನ್ ಇಟ್ಟುಕೊಳ್ಳಲು ಬಿಟ್ಟೆ. ಕರೆ ಬಂದರೆ ಎದ್ದು ಹೋಗಲೂ ಅಪ್ಪಣೆ ಕೊಟ್ಟೆ. ಇದಕ್ಕೆ ಆಗ ಯಾರೂ ತಕರಾರು ಮಾಡಲಿಲ್ಲ.

ಮಧ್ಯಾಹ್ನ 2-30ಕ್ಕೆ ಆಟ ಶುರುವಾಯಿತು. ಆರು ತಿಂಗಳಿಂದ ಎದುರುಬದುರು ಕೂರದವರು ಮೂರಡಿ ಅಗಲದ ಮೇಜಿನ ಆಚೆ ಈಚೆ ಕುಳಿತರು. ‘ಇಟ್ಟೆ’, ‘ಆಗಲಿ’, ‘ಇಟ್ಟೆ’, ‘ಬತ್ತೀನಿ’ ಬಿಟ್ಟರೆ ಒಂದು ಮಾತೂ ಇಲ್ಲ. 3-35ರ ಹೊತ್ತಿಗೆ ಇಬ್ಬರಿಗೂ ಒಂದೊಂದೇ ಬಾಗಿಲು ಉಳಿದಿತ್ತು. ಆಗ ಮಧುಕುಮಾರ್ ರವರು ‘ಅಗುಳಿ’ ಎಂಬ ಕಾರ್ಡ್ ಇಟ್ಟರು. ಅದು ಬಿದ್ದರೆ ಎದುರಿನವರು ಆ ಸುತ್ತಿನಲ್ಲಿ ಏನನ್ನೂ ಒಳಗೆ ತರುವಂತಿಲ್ಲ. ಗಂಡನ ಮುಂದಿನ ಕಾರ್ಡಿಗೇ ಅವರ ಕೊನೆಯ ಬಾಗಿಲು ತೆರೆಯುತ್ತದೆ, ಅಂದರೆ ಮಧುಶ್ರೀಯವರು ಸೋತಂತೆ. ಅಗುಳಿಯನ್ನು ತಡೆಯಬಲ್ಲ ಕಾರ್ಡ್ ಇಡೀ ಆಟದಲ್ಲಿ ಒಂದೇ ಒಂದು. ಅದೇ ಹಿಂಬಾಗಿಲು. ಅದನ್ನು ಅಗುಳಿಯ ಮೇಲಿಟ್ಟರೆ ಅದು ಮೊದಲು ಕೆಲಸ ಮಾಡಿ ಎದುರಿನವರ ಒಂದು ಬಾಗಿಲು ತೆಗೆಯುತ್ತದೆ. ಅಂದರೆ ಮಧುಶ್ರೀಯವರು ಗೆದ್ದಂತೆ. ಅವರ ಕೈಯಲ್ಲಿ ಐದು ಕಾರ್ಡ್ ಇದ್ದವು.

ನಾನು ‘ಒಂದು ಸಲ’ ಎಂದೆ. ಮಧುಶ್ರೀಯವರ ಫೋನ್ ಬಡಿದುಕೊಂಡಿತು. ಅವರು ಕೇಳಿಸಿಕೊಂಡು, ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂದು ಕೇಳಿ, ‘ಸರಿ’ ಎಂದು ಇಟ್ಟರು. ನಾನು ‘ಎರಡು ಸಲ’ ಎಂದೆ. ಅವರು ಐದು ಕಾರ್ಡನ್ನೂ ಮೇಜಿನ ಮೇಲೆ ಬೋರಲು ಹಾಕಿ, ಎದ್ದು, ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಕಾರ್ಡನ್ನೂ ನೋಡದೆ, ನನ್ನನ್ನೂ ನೋಡದೆ, ಗಂಡನ ಮುಖ ನೋಡಿ ‘ಬತ್ತೀನಿ’ ಅಂದರು. ಮೂರನೆಯದು ನನ್ನ ನಾಲಿಗೆಯ ತುದಿಯಲ್ಲೇ ನಿಂತಿತು. ಅವರು ಮುಂದಿನ ಬಾಗಿಲಿನಿಂದ ಹೊರಗೆ ನಡೆದರು. ಈ ಸಲ ಮಧುಕುಮಾರ್ ರವರು ತಲೆ ಎತ್ತಿದ್ದರು. ‘ಆಗ್ಲಿ’ ಅನ್ನಲಿಲ್ಲ.

ದೇವೀರಮ್ಮನವರು ಎದ್ದು ನಿಂತು, ‘ಬತ್ತೀನಿ ಅಂದ್ಲು, ಗಂಡನ ಮುಖ ನೋಡ್ಕಂಡೇ ಅಂದ್ಲು, ಇನ್ನೇನ್ ಬೇಕು ಮೇಷ್ಟ್ರೇ, ಆಟದ್ ಮಾತಲ್ಲ ಅದು, ಮೂರ್ನೇ ಸಲ ಕೂಗ್ಬುಡಿ’ ಎಂದು ಒತ್ತಾಯಿಸಿದರು. ಕೂಗಿದರೆ ಅಗುಳಿ ಬೀಳುತ್ತದೆ, ಅವರ ಮಗ ಗೆಲ್ಲುತ್ತಾನೆ. ಮಹಾದೇವಸ್ವಾಮಿಯವರು ಅಡ್ಡ ಬಂದು, ಆಟದ ಮೇಜಿನಲ್ಲಿ ಅಂದದ್ದು ಆಟದ ಮಾತೇ, ಕೂಗು ನಿಂತಿದೆ, ಹುಡುಗಿ ಬಂದು ಹಿಂಬಾಗಿಲು ಇಡುತ್ತಾಳೆ, ಅಲ್ಲಿಯವರೆಗೆ ‘ಅದೆಂಗ್ ಮೂರು ಅಂತೀರೋ ನಾನೂ ನೋಡ್ತೀನಿ’ ಎಂದರು. ಅವಳ ಕೈಯಲ್ಲಿ ಅದು ಇದೆಯೆಂದು ನಿನಗೆ ಹೇಗೆ ಗೊತ್ತು ಎಂದು ದೇವೀರಮ್ಮನವರು ಕೇಳಿದ್ದಕ್ಕೆ, ‘ನಮ್ಮುಡ್ಗಿ ಸುಮ್ನೆ ಬಾಯ್ ಬುಡಲ್ಲ ಕಣಕ್ಕ, ನಿಮ್ಮುಡ್ಗನಂಗಲ್ಲ’ ಎಂದರು.

ನಾನು ಹುಡುಗಿಯನ್ನೇ ಕೇಳೋಣ ಎಂದೆ. ಲ್ಯಾಬ್ ಛತ್ರದಿಂದ ಸುಮಾರು 400 ಮೀಟರ್ ದೂರದಲ್ಲಿದೆ. ಮಹಾದೇವಸ್ವಾಮಿಯವರು ಬೈಕಿನಲ್ಲಿ ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ಬಂದರು. ಜೊತೆಯವರು ರಜೆಯಲ್ಲಿರುವುದರಿಂದ ಮಧುಶ್ರೀಯವರಿಗೆ ನಾಳೆ ಬೆಳಿಗ್ಗೆ ಎಂಟರವರೆಗೂ ಡ್ಯೂಟಿ ಎಂದೂ, ಅಂದದ್ದು ಯಾವ ‘ಬತ್ತೀನಿ’ ಎಂದು ಕೇಳಿದ್ದಕ್ಕೆ, ‘ಅನ್ಬೇಕಾದ್ದ ಅಂದಿವ್ನಿ ಮಾವ, ಇನ್ನು ಮೇಷ್ಟ್ರಿಗೆ ಬಿಟ್ಟಿದ್ದು’ ಎಂದಷ್ಟೇ ಹೇಳಿ ಒಳಗೆ ಹೋದರೆಂದೂ ತಿಳಿಸಿದರು. ಈ ಉತ್ತರ ಕೇಳಿ ಇಬ್ಬರು ಹಿರಿಯರೂ ನನ್ನ ಕಡೆ ತಿರುಗಿದರು.

ಸಂಜೆ 4-00 ಗಂಟೆಗೆ ಮಹಾದೇವಸ್ವಾಮಿಯವರು, ಮೇಷ್ಟ್ರು ಒಬ್ಬರೇ ಕೂತು ಯೋಚನೆ ಮಾಡಲಿ ಎಂದು ಜನರನ್ನೆಲ್ಲ ಹೊರಗೆ ಕಳುಹಿಸಿ, ಮುಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದರು. ನಾನು ಅಡುಗೆ ಮನೆಯ ಕಡೆ ಓಡಿದೆ. ಅಷ್ಟರಲ್ಲಿ ದೇವೀರಮ್ಮನವರು ಹಿಂದಿನ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕದದ ಸಂದಿಯಲ್ಲಿ ಮಲ್ಲಿಗೆ ವಾಸನೆ ಬರುತ್ತಿತ್ತು. ಮೂರು ಅಂದರೆ ಹಿಂದಿನ ಬಾಗಿಲು ತೆಗೆಯುತ್ತಾರೆ, ಆದರೆ ಮುಂದಿನವರು ಓಡಿ ಬಂದು ಅಲ್ಲಿ ಅಡ್ಡ ನಿಲ್ಲುತ್ತಾರೆ. ಮೂರು ಅನ್ನುವುದಿಲ್ಲ ಎಂದು ಸಾರಿದರೆ ಮುಂದಿನದು ತೆಗೆಯುತ್ತಾರೆ, ಆದರೆ ಹಿಂದಿನವರು ಓಡಿ ಬಂದು ಅಲ್ಲಿ ಅಡ್ಡ ನಿಲ್ಲುತ್ತಾರೆ. ಎರಡು ಬಾಗಿಲ ನಡುವೆ ನಾನು.

ನಾನು ಒಬ್ಬನೇ ಇರಲಿಲ್ಲ. ಮಧುಕುಮಾರ್ ರವರು ಮೇಜಿನ ಮುಂದೆ ಕುಳಿತೇ ಇದ್ದರು. ಕೂಗು ನಿಂತಿರುವಾಗ ಎದ್ದರೆ ಸೋಲು. ಅವರ ತಾಯಿ ಕಿಟಕಿಯಲ್ಲಿ ಮುಖ ಇಟ್ಟು ‘ಏಳ್‌ಬ್ಯಾಡ ಕಣ್ಲಾ ಕುಮಾರ, ನೀ ಎದ್ರೆ ಎಲ್ಲಾ ಓಯ್ತದೆ’ ಎಂದು ಆಗಾಗ ನೆನಪಿಸುತ್ತಿದ್ದರು. ನೀರು ಕುಡಿಯುವ ಲೋಟವನ್ನು ನಾನೇ ತಂದು ಕೊಟ್ಟೆ. 4-40ರ ಸುಮಾರಿಗೆ ಅವರು ಬಹಳ ಸಂಕೋಚದಿಂದ ಬಚ್ಚಲಿಗೆ ಹೋಗಬೇಕೆಂದರು. ಜಾಗ ಬಿಟ್ಟು ಏಳಬಾರದು ಎಂದಿದೆಯೇ ಹೊರತು ಜಾಗವನ್ನು ಜೊತೆಗೆ ಒಯ್ಯಬಾರದೆಂದು ಎಲ್ಲೂ ಇಲ್ಲ ಎಂದು ನಾನು ತೀರ್ಪು ಕೊಟ್ಟೆ. ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಹಿಂಬದಿಗೆ ಒತ್ತಿ ಹಿಡಿದುಕೊಂಡು ಬಗ್ಗಿ ನಡೆದು ಹೋಗಿ ಹಾಗೆಯೇ ಬಂದರು. ಈ ದಿನ ನಾನು ಧೈರ್ಯವಾಗಿ ಕೊಟ್ಟ ತೀರ್ಪು ಅದೊಂದೇ.

ನಾನು ಬೀದಿಯ ಕಡೆಯ ಕಿಟಕಿಗೆ ಹೋಗಿ ಸರಳು ಹಿಡಿದು, ‘ಯಾರಿದ್ದೀರಿ ಅಲ್ಲಿ, ಸೆರೆಯಲ್ಲಿದ್ದೇವೆ, ಬಿಡಿಸಿರಿ’ ಎಂದು ಪೂರ್ತಿ ಕಂಠದಿಂದ ಕೂಗಿದೆ. ತರಕಾರಿ ಚೀಲ ಹಿಡಿದ ಇಬ್ಬರು ಹೆಂಗಸರು ನಿಂತು ಕೇಳಿದರು. ಬೈಕಿನವನೊಬ್ಬ ಫೋನ್ ಎತ್ತಿ ವಿಡಿಯೋ ಮಾಡಿಕೊಂಡು, ‘ಸೂಪರ್ ಸಾ, ನಾಟ್ಕ ಯಾವತ್ತು ಸಾ’ ಎಂದು ಕೇಳಿದ. ನಾಟಕವಲ್ಲ, ನಿಜವಾಗಿಯೂ ಬೀಗ ಹಾಕಿದ್ದಾರೆ ಎಂದು ಇನ್ನೂ ಜೋರಾಗಿ ಹೇಳಿದೆ. ಅವರು ಚಪ್ಪಾಳೆ ತಟ್ಟಿದರು. ಹೆಂಗಸರಲ್ಲಿ ಒಬ್ಬರು ಹೋಗುತ್ತಾ ಇನ್ನೊಬ್ಬರಿಗೆ, ಈಗಲೂ ಇಂಥ ಗಂಟಲಿನವರು ಇದ್ದಾರಲ್ಲ ಎಂದದ್ದು ಕೇಳಿಸಿತು. ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಒಂದು ವಾರ ಊಟ ಬಿಟ್ಟು ಬದುಕುತ್ತಿದ್ದೆ.

ವಾಪಸ್ ಬಂದು ಮೇಜಿನ ಬಳಿ ಕುಳಿತೆ. ಐದು ಕಾರ್ಡ್ ಬೋರಲು ಬಿದ್ದಿದ್ದವು. ಅವನ್ನು ತಿರುಗಿಸಿ ನೋಡಿದರೆ ಸಾಕು, ಹಿಂಬಾಗಿಲು ಇದೆಯೋ ಇಲ್ಲವೋ ತಿಳಿಯುತ್ತದೆ. ಇದ್ದರೆ ಅವರು ಅಂದ ‘ಬತ್ತೀನಿ’ ಆಟದ ಮಾತು. ಇಲ್ಲದಿದ್ದರೆ ಅದು ಮೇ ತಿಂಗಳ ಮಾತು. ಆದರೆ ಆಟಗಾರರ ಕೈಯನ್ನು ತೀರ್ಪುಗಾರನೂ ನೋಡುವಂತಿಲ್ಲ. ಮಧುಕುಮಾರ್ ರವರು ‘ಮೇಷ್ಟ್ರೇ, ಕೈ’ ಎಂದರು. ನಿನ್ನ ಕೈ ಹಿಂದಕ್ಕೆ ತೆಗೆದುಕೋ ಎಂದು ಗದರಿದೆ. ‘ನಂದಲ್ಲ, ನಿಮ್ದು’ ಎಂದರು. ನೋಡಿದರೆ ನನ್ನ ಬಲಗೈ ಆ ಕಾರ್ಡ್‌ಗಳ ಮೇಲಿತ್ತು. ತೆಗೆದು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ.

ಅಗುಳಿ ಯಾಕೆ ಇಟ್ಟೆ, ನಿನ್ನ ಕೈಯಲ್ಲಿ ಬೇರೆ ಕಾರ್ಡ್ ಇರಲಿಲ್ಲವೇ ಎಂದು ಕೇಳಿದೆ. ‘ಇದ್ವು. ಬೇರೆ ಇಟ್ಟಿದ್ರೆ ಆಗ್ಲೇ ಗೆದ್ದಿರ್ತಿದ್ದೆ’ ಎಂದರು. ಮತ್ತೇಕೆ ಎಂದೆ. ಅಗುಳಿಗೆ ಉತ್ತರ ಕೊಡುವ ಕಾರ್ಡ್ ಒಂದೇ, ತಾವು ವಾಪಸ್ ಕಳುಹಿಸಿದ್ದನ್ನು ಅವಳು ಕಟ್ಟಿಗೆ ಸೇರಿಸಿಕೊಂಡಿದ್ದಾಳೋ ಇಲ್ಲವೋ ಎಂದು ಕೇಳಬೇಕಿತ್ತು ಎಂದರು. ಬಾಯಿಬಿಟ್ಟೇ ಕೇಳಬಹುದಿತ್ತಲ್ಲ ಎಂದೆ. ‘ಅದ್ನೇ ಮೇಷ್ಟ್ರೇ ಅವ್ಳೂ ಅಂದಿದ್ದು. ನಾನು ಮೈಸೂರ್ನೋರ್ಗೆ ಅವ್ಳ್ ಕಾರ್ಡ್ ಕೊಟ್ಬಂದಾಗ. ಕೇಳ್ಬೌದಿತ್ತು ಅಂದ್ಲು, ಅಷ್ಟೇ’ ಎಂದರು.

ಆಮೇಲೆ ಅವರು ತಾವಾಗಿಯೇ ಹೇಳಿದ್ದೇನೆಂದರೆ, ಮೇ ತಿಂಗಳಲ್ಲಿ ಅವಳು ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತು ತಮಗೂ ಕಾಲಾವಕಾಶವಿತ್ತು. ಒಂದು ಚಪ್ಪಲಿಯ ಬಕಲ್ ಸಡಿಲವಾಗಿದ್ದರಿಂದ ಅವಳಿಗೆ ಯಾವಾಗಲೂ ತಡವಾಗುತ್ತದೆ. ಆ ದಿನವೂ ತಡವಾಯಿತು. ಎಲ್ಲಿಗೆ ಎಂದು ಕೇಳಬಹುದಿತ್ತು. ‘ಆಗ್ಲಿ ಅಂದ್ಬುಟ್ಟೆ. ಆಗ್ಲಿ ಅಂದ್ಮೇಲೆ ವಾಪಸ್ ಇಲ್ವಲ್ಲ ಮೇಷ್ಟ್ರೇ.’ ನಾನು ಖಾಲಿಯಾಗಿದ್ದ ಅವರ ಲೋಟಕ್ಕೆ ಮತ್ತೆ ನೀರು ತುಂಬಿ ತಂದಿಟ್ಟೆ.

5-30ಕ್ಕೆ ಮಹಾದೇವಸ್ವಾಮಿಯವರು ಕಿಟಕಿಯಿಂದ ಬಾಳೆಹಣ್ಣು ಕೊಟ್ಟು ಏನಾಯಿತು ಎಂದು ಕೇಳಿದರು. 5-45ಕ್ಕೆ ದೇವೀರಮ್ಮನವರು ಕೋಡುಬಳೆ ಕೊಟ್ಟು ಅದನ್ನೇ ಕೇಳಿದರು. ಇಬ್ಬರೂ ಅಳುವ ಸ್ಥಿತಿಯಲ್ಲಿದ್ದರು. ‘ನಾನೇನ್ ಸೊಸೇನ ಹೊತ್ಕೊಂಡ್ ಓಗಕ್ ಬಂದಿದ್ದೀನಾ ಮೇಷ್ಟ್ರೇ, ಇವ್ನು ಆರ್ ತಿಂಗ್ಳಿಂದ ಮೊಬೈಲ್ ಬುಟ್ಟು ಯಾರತ್ರಾನೂ ಮಾತಾಡಿಲ್ಲ’ ಎಂದು ದೇವೀರಮ್ಮನವರು ಹೇಳಿದರು.

ಸಂಜೆ 6-20ಕ್ಕೆ ಜೀಪ್ ಬಂತು. ಛತ್ರದಲ್ಲಿ ಇಬ್ಬರು ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಇಸ್ಪೀಟ್ ಮುಂದೆ ಕುಳಿತಿದ್ದಾರೆಂದು ಯಾರೋ ಫೋನ್ ಮಾಡಿದ್ದರಂತೆ. ಹೇಮಲತಾ ಮೇಡಂ ಮುಂದಿನ ಬೀಗ ತೆಗೆಸಿದರು, ಹಿಂದಿನ ಅಗುಳಿ ತೆಗೆಸಿದರು. ಮಧುಕುಮಾರ್ ರವರಿಗೆ ಮೇಲೇಳುವಂತೆ ಹೇಳಿದರು. ‘ಎದ್ರೆ ಸೋತೋಯ್ತೀನಿ ಮೇಡಂ’ ಎಂದು ಅವರು ಕೈ ಮುಗಿದರು. ಇಷ್ಟು ವರ್ಷದ ಸರ್ವಿಸಿನಲ್ಲಿ ತಾವು ಹಿಡಿಯಲು ಹೋದ ಕಾರ್ಡಿನವರೆಲ್ಲ ಎದ್ದು ಕಾಂಪೌಂಡ್ ಹಾರಿದ್ದಾರೆ, ಏಳುವುದಿಲ್ಲ ಎನ್ನುವವನನ್ನು ಇವತ್ತೇ ನೋಡಿದ್ದು ಎಂದು ಮೇಡಂ ಹೇಳಿದರು. ಮಹಜರಿಗೆ ಎಣಿಸಲೆಂದು ಬೋರಲು ಬಿದ್ದ ಐದು ಕಾರ್ಡ್‌ಗಳ ಮೇಲೆ ಅವರು ಕೈ ಇಟ್ಟಾಗ ನನ್ನ ಬಾಯಿಂದ ‘ನಿಲ್ಲಿಸಿ’ ಎಂಬ ಶಬ್ದ ಹೊರಟಿತು. ಪಾತ್ರೆ ಕೋಣೆಯ ಕೊಪ್ಪರಿಗೆಗಳು ಅದನ್ನು ಇನ್ನೊಮ್ಮೆ ಹೇಳಿದವು. ಸರ್ಕಾರಿ ಅಧಿಕಾರಿಯ ಮೇಲೆ ಧ್ವನಿ ಎತ್ತಿದ್ದಕ್ಕೆ ಆಗಲೇ ಕ್ಷಮೆ ಕೇಳಿರುತ್ತೇನೆ. ವಿಷಯ ತಿಳಿದ ಮೇಲೆ ಮೇಡಂ ಅವನ್ನು ಮುಟ್ಟಲಿಲ್ಲ. ‘ಬೋರಲು ಹಾಕಿದ ಕಾರ್ಡ್ 5’ ಎಂದಷ್ಟೇ ಬರೆದುಕೊಂಡು, ಫ್ಯಾನ್ ಗಾಳಿಗೆ ಹಾರದಂತೆ ಅವುಗಳ ಮೇಲೆ ಒಂದು ಸ್ಟೀಲ್ ತಟ್ಟೆ ಮುಚ್ಚಿಸಿದರು.

ಠಾಣೆಯಲ್ಲಿ ಈ ಹೇಳಿಕೆ ಬರೆದುಕೊಳ್ಳುವಾಗ, ಆ ಹುಡುಗಿ ಅಂದದ್ದು ಯಾವ ‘ಬತ್ತೀನಿ’ ಎಂದು ನಿಮಗನ್ನಿಸುತ್ತದೆ ಎಂದು ಮೇಡಂ ನನ್ನನ್ನು ಕೇಳಿದರು. ಇದು ಹೇಳಿಕೆಗೆ ಬೇಕೇ ಎಂದು ನಾನು ಕೇಳಿದೆ. ಬೇಡ ಎಂದರು. ಅವರೂ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅದೇ ಮಾತು ಹೇಳಿ ಬಂದಿರಬೇಕು.

ನನ್ನನ್ನು ಎರಡು ಗಂಟೆ ಇಪ್ಪತ್ತು ನಿಮಿಷ ಕೂಡಿ ಹಾಕಿದ್ದು ನಿಜ. ಮಹಾದೇವಸ್ವಾಮಿ ಮತ್ತು ದೇವೀರಮ್ಮನವರ ಮೇಲೆ ಈಗ ಯಾವ ಕ್ರಮವೂ ಬೇಡ, ಇನ್ನು ಮುಂದೆ ಬಾಗಿಲು ಮುಚ್ಚಬಾರದೆಂದು ಎಚ್ಚರಿಕೆ ಕೊಟ್ಟರೆ ಸಾಕು. ಈ ಹೇಳಿಕೆ ಕೊಡುತ್ತಿರುವ ಹೊತ್ತಿಗೆ ಛತ್ರದ ಎರಡು ಬಾಗಿಲೂ ಹಾರು ಹೊಡೆದಿವೆ. ಮಧುಕುಮಾರ್ ರವರು ಎದ್ದಿಲ್ಲ. ತಾಯಿ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದಾರೆ. ಹುಡುಗಿಯ ಮಾವ ಊಟ ತರಿಸಿದ್ದಾರೆ. ಬಾಗಿಲು ತೆರೆದ ಮೇಲೂ ಮಧುಕುಮಾರ್ ರವರು ಅಲ್ಲೇ ಇರುವುದನ್ನು ನೋಡಿ ಇಬ್ಬರು ಹಿರಿಯರೂ ಜಗಳ ಬಿಟ್ಟಿದ್ದಾರೆ.

ಇದರಲ್ಲಿ ನಾನು ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಬಿಟ್ಟು ಬೇರೆ ಒಂದಕ್ಷರವೂ ಇಲ್ಲ. ಓದಿಸಿ ಕೇಳಿದೆ, ನನ್ನ ಮಾತುಗಳೇ ಸರಿ.

ಸ್ಥಳ: ತಿ. ನರಸೀಪುರ
ದಿನಾಂಕ: 16-11-2025
ಸಹಿ: ತಿಮ್ಮಯ್ಯ

ಸಹಿಯ ಕೆಳಗೆ ಮೇಡಂ ಅವರ ಅನುಮತಿ ಪಡೆದು ಸೇರಿಸಿದ್ದು: ನಾಳೆ ಬೆಳಿಗ್ಗೆ ಛತ್ರದಿಂದ ಭಾರಿ ಶಬ್ದ ಬಂತೆಂದು ಯಾರಾದರೂ ಠಾಣೆಗೆ ಫೋನ್ ಮಾಡಿದರೆ ಜೀಪ್ ಕಳುಹಿಸುವುದು ಬೇಡ. ಎಂಟು ಗಂಟೆಗೆ ಲ್ಯಾಬಿನ ಗೇಟಿನಲ್ಲಿ ನಾನು ನಿಂತಿರುತ್ತೇನೆ. ಮಧುಶ್ರೀಯವರನ್ನು ಏನೂ ಕೇಳುವುದಿಲ್ಲ, ಕುಮಾರ ಇನ್ನೂ ಕುಳಿತಿದ್ದಾನೆ ಎಂದಷ್ಟೇ ಹೇಳುತ್ತೇನೆ. ಅವರು ಬಂದು ಕುಳಿತರೆ ತಟ್ಟೆ ಎತ್ತಿ ಐದು ಕಾರ್ಡ್‌ಗಳನ್ನು ಅವರ ಕೈಗೆ ಕೊಡುತ್ತೇನೆ. ಆಮೇಲೆ ಸಭೆಗೆ ಕೈಮುಗಿದು ನಿಂತು, ಮೊಟಕಾಗಿ ಕೂಗಬೇಕೆಂದು ಇವರೆಲ್ಲ ಮಾಡಿದ ಕಟ್ಟಳೆಯನ್ನು ಮೊದಲ ಬಾರಿಗೆ ಮುರಿದು, ‘ಮೂರು’ ಎಂಬುದನ್ನು ನನ್ನ ಎದೆಯಲ್ಲಿ ಉಸಿರಿರುವಷ್ಟೂ ಹೊತ್ತು ಎಳೆಯುತ್ತೇನೆ.